ಕಮಲಾಕ್ಷಮ್ಮನ ಸಂಜೆಗಣ್ಣು

ನನ್ನ ವಾರಗಿತ್ತಿ ಕಮಲಾಕ್ಷಮ್ಮ ಯಾರನ್ನೂ ಸುಲಭಕ್ಕೆ ನಂಬುವ ಪೈಕಿ ಅಲ್ಲ. ತರಕಾರಿ ಗಾಡಿಯವನು ತಕ್ಕಡಿ ಎತ್ತಿದರೆ ತಟ್ಟೆಯ ಕೆಳಗೆ ಕೈ ಹಾಕಿ ತಡವುತ್ತಾರೆ. ಗ್ಯಾಸ್ ಸಿಲಿಂಡರ್ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿ, ಸೀಲು ನೋಡಿ, ಅಲ್ಲಾಡಿಸಿ ನೋಡಿ, ಆಮೇಲೆ ಒಳಗೆ ಬಿಡುತ್ತಾರೆ. ದೇವಸ್ಥಾನದಲ್ಲಿ ಪೂಜಾರಿಯ ಕೈಯಿಂದ ಕಾಯಿ ಹೋಳು ಇಸಿದುಕೊಂಡು "ಇದು ನಾನು ಕೊಟ್ಟ ಕಾಯೇನಾ?" ಎಂದು ಕೇಳಿದ ಹೆಂಗಸು ಇಡೀ ಹೊಸಹಳ್ಳಿಯಲ್ಲಿ ಇವರೊಬ್ಬರೇ. ಯಾಕೆ ಹೀಗೆ ಎಂದರೆ "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ದೊಡ್ಡೋರು ಸುಮ್ನೆ ಹೇಳಿದಾರಾ?" ಎನ್ನುತ್ತಾರೆ. ನಮ್ಮ ಯಜಮಾನರು ಕಾಂತರಾಜು "ಅತ್ತಿಗೆ, ಅನುಮಾನಂ ಪೆದ್ದ ರೋಗಂ" ಎಂದು ರೇಗಿಸುವುದು, ಅವರು "ರೋಗ ಬಂದ್ರೂ ಪರವಾಗಿಲ್ಲ, ಮೋಸ ಹೋಗಬಾರ್ದು" ಎನ್ನುವುದು ನಮ್ಮ ಮನೆಯಲ್ಲಿ ನಡೆದೇ ಇರುತ್ತದೆ.

ಅವರು ಈ ಮನೆಯ ದೊಡ್ಡ ಸೊಸೆ. ಜ್ಯೋತಿಲಕ್ಷ್ಮಿ ಅಂತ ನಾನು ಚಿಕ್ಕವಳು. ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ನಮ್ಮದೇ ಮಹಡಿ ಮನೆ ನಿಂತಿದೆ. ಕೆಳಗೆ ಅಕ್ಕ, ಭಾವ ಮುನಿರಾಜು, ಅವರ ಮಗಳು ಅನು. ಮೇಲೆ ನಾವು. ಅತ್ತೆ ಪಾಪಮ್ಮ ಎರಡೂ ಮನೆಗೆ ಸೇರಿದವರು, ಅಂದರೆ ಎರಡೂ ಮನೆಯ ಸಾರಿಗೆ ಉಪ್ಪು ಸಾಲದು ಎನ್ನುವ ಹಕ್ಕು ಅವರಿಗಿದೆ.

ಅಕ್ಕ ವಿಜಯನಗರದಲ್ಲಿ ಮ್ಯಾಚಿಂಗ್ ಸೆಂಟರ್ ಇಟ್ಟಿದ್ದಾರೆ. ಸೀರೆಗೆ ಒಪ್ಪುವ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು, ದಾರ ಮಾರುವ ಅಂಗಡಿ. ಅಲ್ಲೂ ಅನುಮಾನವೇ ಬಂಡವಾಳ. ಗಿರಾಕಿಯೇ "ಇದು ಸರಿಹೋಯ್ತು, ಕೊಡಿ" ಎಂದರೂ ಅಕ್ಕ ಕತ್ತರಿ ಹಾಕುವುದಿಲ್ಲ. "ಟ್ಯೂಬ್‌ಲೈಟು ಸುಳ್ಳು ಹೇಳುತ್ತೆ ಕಣಮ್ಮ, ಬಿಸಿಲಿಗೆ ಹಿಡಿದು ನೋಡೋಣ ಬಾ" ಎಂದು ಸೀರೆ ಸಮೇತ ಗಿರಾಕಿಯನ್ನು ಫುಟ್‌ಪಾತಿಗೆ ಎಳೆದೊಯ್ಯುತ್ತಾರೆ. ಹೋಗಿಬರುವವರನ್ನೆಲ್ಲ ನಿಲ್ಲಿಸಿಕೊಂಡು ಬಟ್ಟೆಯ ಮೇಲೆ ಬಟ್ಟೆ ಇಟ್ಟು ನೋಡಿ, ಎಳೆಯಷ್ಟು ಬಣ್ಣ ಆಚೀಚೆ ಆದರೂ ಬೇಡ ಎಂದುಬಿಡುತ್ತಾರೆ. ಬೇಡ ಎಂದಿದ್ದಕ್ಕೇ ಗಿರಾಕಿಗಳು ಮತ್ತೆ ಮತ್ತೆ ಬರುತ್ತಾರೆ.

ಇಂಥವರ ಕಣ್ಣಿಗೇ ಕಳೆದ ವರ್ಷ ಏನೋ ಆಯಿತು. ಬೆಳಿಗ್ಗೆ ಚೆನ್ನಾಗಿಯೇ ಇರುವ ರೆಪ್ಪೆಗಳು ಹೊತ್ತು ಏರಿದಂತೆ ಜೋಲತೊಡಗಿದವು. ಹುಬ್ಬೂ ಇಳಿದಂತೆ ಕಾಣುತ್ತಿತ್ತು. ಅದನ್ನು ಎತ್ತಿ ಎತ್ತಿ ಹಣೆಯ ತುಂಬ ಗೆರೆ ಬಿದ್ದವು. ಸಂಜೆ ಬಂದ ಗಿರಾಕಿಗೆ ಬಣ್ಣ ನೋಡಬೇಕಾದರೆ ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈಯ ಹೆಬ್ಬೆರಳಲ್ಲಿ ರೆಪ್ಪೆ ಹಿಡಿದುಕೊಳ್ಳುತ್ತಿದ್ದರು. ಹೆಸರೇ ಕಮಲಾಕ್ಷಮ್ಮ, ಸಂಜೆಯಾದರೆ ಕಮಲ ಮುಚ್ಚಿಕೊಳ್ಳೋದು ಸಹಜ ತಾನೇ ಎಂದು ಕಾಂತರಾಜು ನಗೆಯಾಡಿದರು. ಐವತ್ತು ದಾಟಿದೆ, ಚರ್ಮ ಸಡಿಲವಾಗುತ್ತದೆ ಎಂದು ನಾನೂ ಸುಮ್ಮನಿದ್ದೆ.

ನಗೆಯಾಟ ನಿಂತದ್ದು ಅನುವಿನ ನಿಶ್ಚಿತಾರ್ಥದ ದಿನ. ಹುಡುಗ ಗೌತಮ್ ಬ್ಯಾಡರಹಳ್ಳಿಯವನು, ಒಳ್ಳೇ ಹುಡುಗ. ಶಾಸ್ತ್ರ ಇಟ್ಟುಕೊಂಡಿದ್ದು ಸಂಜೆಗೆ. ಬೆಳಿಗ್ಗೆಯಿಂದ ಓಡಾಡಿದ್ದ ಅಕ್ಕ ತಟ್ಟೆ ಬದಲಾಯಿಸುವ ಹೊತ್ತಿಗೆ ಅರೆಗಣ್ಣಾಗಿದ್ದರು. ಬೀಗರನ್ನು ಮಾತಾಡಿಸುವಾಗ ಮಾತು ಮೂಗಿನಲ್ಲಿ ಬಂತು, ಕೊನೆಕೊನೆಗೆ ತೊದಲಿತು. ಊಟವಾದ ಮೇಲೆ ಹುಡುಗನ ತಾಯಿ ರಾಮಮ್ಮ ನನ್ನನ್ನು ಕೈತೊಳೆಯುವ ಕಡೆಗೆ ಕರೆದರು.

"ತಪ್ಪು ತಿಳ್ಕೋಬೇಡಿ ಜ್ಯೋತಿಯವ್ರೇ. ನಮ್ ಕಡೆ ಹೆಂಗಸ್ರು ಏನೇನೋ ಮಾತಾಡ್ತಾವ್ರೆ. ನಿಮ್ಮಕ್ಕ ಸಂಜೆ ಹೊತ್ತು ಏನಾದ್ರೂ... ತಗೋತಾರಾ?"

ನನಗೆ ನೆತ್ತಿಗೆ ರಕ್ತ ಏರಿತು. ಹೆಣ್ಣಿನ ಕಡೆಯವಳಾಗಿ ಬಾಯಿ ಬಿಗಿಹಿಡಿದು "ಸುಸ್ತು ಕಣ್ರೀ, ಅಷ್ಟೇ" ಎಂದೆ. ಈ ಮಾತನ್ನು ಅಕ್ಕನಿಗೆ ಹೇಳಬಾರದು ಎಂದುಕೊಂಡಿದ್ದೆ. ಆದರೆ ಅವರಿಂದ ಏನನ್ನಾದರೂ ಮುಚ್ಚಿಡುವುದುಂಟೆ? "ಕೈ ತೊಳೆಯೋ ಹತ್ರ ಆಯಮ್ಮ ಏನಂದ್ಲು? ನಿನ್ನ ಮುಖ ಕೆಂಪಗಾಯ್ತು" ಎಂದು ಮನೆಗೆ ಬಂದವರೇ ಹಿಡಿದುಕೊಂಡರು, ಹೇಳಿಸಿಯೇ ಬಿಟ್ಟರು. ಕೇಳಿ ಅಳಲಿಲ್ಲ, ಕೂಗಾಡಲಿಲ್ಲ. ಫೋಟೋದವನು ಕಳಿಸಿದ ಚಿತ್ರಗಳನ್ನು ಫೋನಿನಲ್ಲಿ ಒಂದೊಂದಾಗಿ ಸರಿಸಿದರು. ಒಂದರಲ್ಲೂ ಅವರ ಕಣ್ಣು ಪೂರ್ತಿ ತೆರೆದಿರಲಿಲ್ಲ.

"ಮದುವೆ ಆರತಕ್ಷತೆನೂ ಸಂಜೆಗೇ ಇರೋದು" ಎಂದರು. "ಅವತ್ತು ಇಡೀ ಬ್ಯಾಡರಹಳ್ಳಿ ಬಂದು ಕೂತಿರುತ್ತೆ. ನನ್ನ ಮಗಳು ಕುಡುಕಿ ಮಗಳು ಅನ್ನಿಸ್ಕೊಂಡು ಆ ಮನೆಗೆ ಹೋಗಬಾರ್ದು. ಅವತ್ತು ನನ್ನ ಕಣ್ಣು ಬಿಟ್ಟಿರಬೇಕು ಜ್ಯೋತಿ. ಏನಾದ್ರೂ ಮಾಡಿಸ್ತೀನಿ."

ಹೀಗೆ ಶುರುವಾಯಿತು ನಮ್ಮ ಕ್ಲಿನಿಕ್ ಯಾತ್ರೆ. ಮೊದಲು ಹೋಗಿದ್ದು ಬಸವೇಶ್ವರನಗರಕ್ಕೆ, ಅಂಗಡಿ ತೆಗೆಯುವ ಮುಂಚೆ, ಬೆಳಿಗ್ಗೆ. ಬೇಕರಿಯ ಮೇಲಿನ ಮಹಡಿಯಲ್ಲಿ ಬಿಳಿ ಸೋಫಾ, ಬಿಳಿ ಪರದೆ. ಎಲ್ಲಿ ಕೂತರೂ ನಮ್ಮ ಮುಖವೇ ಕಾಣುವಂತೆ ಕನ್ನಡಿಗಳು. "ನೋಡಿದ್ಯಾ, ಕೂತ್ಕೊಂಡು ಕೂತ್ಕೊಂಡು ನಮ್ಮ ಮುಖ ನಮಗೇ ಬೇಜಾರಾಗ್ಲಿ ಅಂತ ಮಡಗಿದಾರೆ" ಎಂದು ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನನಗೆ ಮಾತ್ರ ಅಲ್ಲಿನ ಹುಡುಗಿಯ ಹುಬ್ಬಿನ ಮೇಲೇ ಅನುಮಾನ. ಅದು ಹುಟ್ಟಿದ್ದೋ, ಬರೆದದ್ದೋ, ಹಚ್ಚೆ ಹೊಯ್ದದ್ದೋ ಕೊನೆಯವರೆಗೂ ತಿಳಿಯಲಿಲ್ಲ.

"ಮ್ಯಾಮ್, ನಿಮಗೆ ತುಂಬಾ ಮೈಲ್ಡ್" ಎಂದಳು ಆ ಹುಡುಗಿ. "ಥ್ರೆಡ್ ಲಿಫ್ಟ್ ಸಾಕು. ಚರ್ಮದ ಕೆಳಗೆ ಸಣ್ಣ ದಾರ ಹಾಕಿ ಹುಬ್ಬನ್ನ ಮೇಲಕ್ಕೆ ಎಳೀತೀವಿ."

ದಾರ ಎಂದೊಡನೆ ಅಕ್ಕ ನೆಟ್ಟಗೆ ಕೂತರು. "ಯಾವ ದಾರ ಅದು? ಬಿಚ್ಚೋದು ಯಾವಾಗ?"

"ಬಿಚ್ಚೋ ಹಾಗೇ ಇಲ್ಲ ಮ್ಯಾಮ್. ಸ್ವಲ್ಪ ತಿಂಗಳಾದ್ಮೇಲೆ ತಾನೇ ಕರಗಿಹೋಗುತ್ತೆ."

"ಕರಗೋ ದಾರದಲ್ಲಿ ಹೊಲಿದ್ರೆ ಹೊಲಿಗೆ ನಿಲ್ಲುತ್ತಾ? ನಾನು ಹಂಗೆ ಫಾಲ್ಸ್ ಹೊಲಿಸಿ ಕೊಟ್ರೆ ಗಿರಾಕಿ ಸೀರೆ ತಂದು ನನ್ನ ಮುಖಕ್ಕೇ ಎಸೀತಾಳೆ ಕಣಮ್ಮ."

ಹುಡುಗಿ ಏನೋ ವಿವರಿಸಿದಳು, ದಾರ ಕರಗಿದರೂ ಒಳಗೆ ಹೊಸ ಬಿಗಿ ಬೆಳೆಯುತ್ತದೆ ಎಂದಳು. ಅಕ್ಕ ತಲೆಯಾಡಿಸಿ ಎದ್ದರು. ಮೆಟ್ಟಿಲಿಳಿಯುವಾಗ "ಇವತ್ತು ಆಫರ್ ಕೊನೇ ದಿನ ಅಂದ್ಲು ನೋಡು, ಅಲ್ಲಿಗೇ ಗೊತ್ತಾಯ್ತು" ಎಂದರು.

ಆಮೇಲೆ ರಾಜಾಜಿನಗರ. ಈ ಸಲ ಅಂಗಡಿ ಮುಗಿಸಿಕೊಂಡು ಸಂಜೆ ಹೋದೆವು. ಡಾಕ್ಟರ ಹೆಸರು ಮಧ್ವೇಶ್, ಮೃದು ಮಾತಿನವರು. ಅಕ್ಕನ ರೆಪ್ಪೆ ನೋಡಿ "ಅಮ್ಮಾ, ಸಾಕಷ್ಟು ಇಳಿದಿದೆಯಲ್ಲ. ಎರಡು ದಾರಿ ಇದೆ. ಹೆಚ್ಚಾಗಿರೋ ಚರ್ಮ ತೆಗೆದು ಹೊಲಿಗೆ ಹಾಕೋದು. ಅದು ಬೇಡ ಅಂದ್ರೆ ಹುಬ್ಬಿನ ಹತ್ರ ಬೊಟಾಕ್ಸ್ ಇಂಜೆಕ್ಷನ್, ಹುಬ್ಬು ಸ್ವಲ್ಪ ಮೇಲಕ್ಕೆ ಬರುತ್ತೆ" ಎಂದರು.

"ಆ ಇಂಜೆಕ್ಷನ್ ಏನು ಮಾಡುತ್ತೆ?"

"ಮಾಂಸಖಂಡನ ಸಡಿಲ ಮಾಡುತ್ತೆ."

"ಸಡಿಲ ಆಗಿರೋದಕ್ಕೇ ತಾನೇ ಸ್ವಾಮಿ ನಾನು ಬಂದಿರೋದು?"

ನಾನು ಸೆರಗು ಬಾಯಿಗಿಟ್ಟು ನಗು ತಡೆದೆ. ಡಾಕ್ಟರು ಬೇಸರಿಸಲಿಲ್ಲ. ಹುಬ್ಬನ್ನು ಕೆಳಕ್ಕೆ ಎಳೆಯುವ ಸ್ನಾಯು ಬೇರೆ, ಮೇಲಕ್ಕೆ ಎತ್ತುವುದು ಬೇರೆ, ಕೆಳಕ್ಕೆ ಎಳೆಯುವುದನ್ನು ಸಡಿಲ ಮಾಡಿದರೆ ಹುಬ್ಬು ತಾನೇ ಏರುತ್ತದೆ ಎಂದು ಚಿತ್ರ ಬರೆದು ತೋರಿಸಿದರು. ಇನ್ನೊಬ್ಬ ಹೆಂಗಸಿನ ಮುಂಚಿನ, ನಂತರದ ಫೋಟೋಗಳನ್ನೂ ತೋರಿಸಿದರು. ಅಕ್ಕ ಫೋಟೋ ಹಿಡಿದು ಕಿಟಕಿಯ ಬಳಿ ಹೋದರು. ಬೆಳಕು ಆಗಲೇ ಇಳಿದಿತ್ತು. "ಒಂದು ಬಿಸಿಲಲ್ಲಿ ತೆಗೆದಿದೆ, ಒಂದು ಟ್ಯೂಬ್‌ಲೈಟಲ್ಲಿ" ಎಂದು ಗೊಣಗಿ ವಾಪಸು ಕೊಟ್ಟರು. ಅಲ್ಲಿದ್ದ ನರ್ಸು ಬಿಪಿ ಇದೆಯಾ, ಶುಗರ್ ಇದೆಯಾ, ಬೇರೆ ಏನಾದರೂ ತೊಂದರೆ ಇದೆಯಾ, ಸುಸ್ತು, ಊಟ ನುಂಗೋದಕ್ಕೆ ಕಷ್ಟ ಅಂತ ಏನಾದರೂ ಎಂದು ಕೇಳಿದಳು. ಅಕ್ಕ ಎಲ್ಲಕ್ಕೂ ಇಲ್ಲ ಎಂದರು. ಆಚೆ ಬಂದ ಮೇಲೆ "ಒಂದು ಕಾಯಿಲೆ ಹೇಳಿದ್ರೆ ಅದಕ್ಕೊಂದು ಟೆಸ್ಟ್ ಅಂಟಿಸ್ತಾರೆ, ನನಗೆ ಗೊತ್ತಿಲ್ವಾ?" ಎಂದರು.

ಆಟೋದಲ್ಲಿ ಅವರಿಗೆ ಇನ್ನೊಂದು ಹುಳ ಹೊಕ್ಕಿತು. "ಅಲ್ಲ ಕಣೇ, ಆ ಹುಡುಗಿ ಏನೂ ಇಲ್ಲ, ಸ್ವಲ್ಪ ಅಂದ್ಲು. ಇವರು ಸಿಕ್ಕಾಪಟ್ಟೆ ಇಳಿದಿದೆ ಅಂತಾರೆ. ಕಣ್ಣು ಅದೇ, ಮುಖ ಅದೇ. ಇಬ್ರಲ್ಲಿ ಒಬ್ರು ಸುಳ್ಳು ಹೇಳ್ತಾ ಇದಾರೆ." ಇಬ್ಬರೂ ನಿಜವನ್ನೇ ಹೇಳಿರಬಹುದು ಎಂಬುದು ನನಗೂ ಹೊಳೆಯಲಿಲ್ಲ.

ಇಷ್ಟರ ನಡುವೆ ಅತ್ತೆಯದು ಬೇರೆಯೇ ವೈದ್ಯ. ಕಣ್ಣಿನ ಬಗ್ಗೆ ಮಾತು ಬಂದಾಗಲೆಲ್ಲ ಅವರು ಹೇಳುತ್ತಿದ್ದುದು ಒಂದೇ: "ಕಣ್ಣು ಬಿದ್ದೈತೆ." ರೆಪ್ಪೆ ಬಿದ್ದಿದೆ ಎಂದಲ್ಲ, ಊರವರ ಕೆಟ್ಟ ಕಣ್ಣು ಬಿದ್ದಿದೆ ಎಂದು. ಮಗಳಿಗೆ ಒಳ್ಳೇ ಸಂಬಂಧ ಕೂಡಿಬಂತಲ್ಲ, ದೃಷ್ಟಿ ತಾಕದೇ ಇರುತ್ತದಾ? ದಿನಾ ದೀಪ ಹಚ್ಚುವ ಹೊತ್ತಿಗೆ ಅಕ್ಕನನ್ನು ಹೊಸ್ತಿಲ ಒಳಗೆ ಕೂರಿಸಿ, "ಕಣ್ಣು ಮುಚ್ಚು, ನಾನು ಹೇಳೋಗಂಟ ಬಿಡಬ್ಯಾಡ" ಎಂದು ಅಪ್ಪಣೆ ಮಾಡುತ್ತಿದ್ದರು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ. "ನಾಯಿ ಕಣ್ಣು, ನರಿ ಕಣ್ಣು, ಊರ ಕಣ್ಣು, ಕೇರಿ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು..." ಅತ್ತೆಯ ದೃಷ್ಟಿ ಬೇಗ ಮುಗಿಯುವಂಥದ್ದಲ್ಲ. ತಮ್ಮ ತವರಿನ ಕೇರಿಯವರ ಕಣ್ಣಿನವರೆಗೂ ಹೋಗಿ, ನಿವಾಳಿಸಿ, ಬಾಣಲೆಗೆ ಹಾಕಿ ಸುಟ್ಟು, ಆಮೇಲೆ "ಬಿಡು ಈಗ" ಎನ್ನುತ್ತಿದ್ದರು.

ಅಕ್ಕ ಕಣ್ಣು ಬಿಟ್ಟರೆ, ಏನು ಹೇಳಲಿ, ರೆಪ್ಪೆ ಮೇಲಕ್ಕೆ ಹೋಗಿರುತ್ತಿತ್ತು! ನಾನೇ ಕಂಡಿದ್ದೇನೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನೆಲ್ಲ ಒಂದು ಸುತ್ತು ನೋಡುತ್ತಿದ್ದರು. ಆದರೆ ಮುಸುರೆ ಪಾತ್ರೆ ತೊಳೆಯುವಷ್ಟರಲ್ಲಿ ಮತ್ತೆ ಇಳಿಯುತ್ತಿತ್ತು. "ನೋಡು, ತೆಗದಂಗೆ ತೆಗದಂಗೆ ಹಾಕ್ತಾವ್ರೆ ಮುಂಡೇವು" ಎಂದು ಅತ್ತೆ ಊರಿಗೆಲ್ಲ ಶಾಪ ಹಾಕುತ್ತಿದ್ದರು. ಅಕ್ಕ ಇದನ್ನೂ ನಂಬದೆ, ಅತ್ತೆಗೆ ಗೊತ್ತಾಗದಂತೆ ಒಂದು ದಿನ ಉಪ್ಪಿನ ಡಬ್ಬಿಯಲ್ಲಿ ಸಕ್ಕರೆ ತುಂಬಿಸಿಟ್ಟರು. ಅವತ್ತೂ ರೆಪ್ಪೆ ಎದ್ದಿತು. "ಏನೋ ಇದೆ ಕಣೇ ಇದರಲ್ಲಿ, ಆದ್ರೆ ಅತ್ತೆ ಅಂದ್ಕೊಂಡಿರೋದಲ್ಲ" ಎಂದರು.

ಆ ದಿನಗಳಲ್ಲೇ ಅತ್ತೆ-ಸೊಸೆಗೆ ಒಂದು ಮನಸ್ತಾಪವೂ ನಡೆದಿತ್ತು. ಅಕ್ಕ ರಾತ್ರಿ ಊಟಕ್ಕೆ ಮುದ್ದೆ ಬಿಟ್ಟಿದ್ದರು. ರಾಗಿ ಹೊಲದ ಮನೆಯ ದೊಡ್ಡ ಸೊಸೆ ಮುದ್ದೆ ಬೇಡ ಎನ್ನುವುದು ಅತ್ತೆಯ ಪಾಲಿಗೆ ಸಣ್ಣ ಮಾತಲ್ಲ. "ಮಗಳ ಮದುವೇಲಿ ಇವಳೂ ಮದುವಣಗಿತ್ತಿ ಆಗ್ತಾಳಂತೆ, ಮೈ ಇಳಿಸ್ತಾವ್ಳೆ" ಎಂದು ಚುಚ್ಚುತ್ತಿದ್ದರು. ಅಕ್ಕ ತಿರುಗಿ ಮಾತಾಡದೆ ತೆಳ್ಳಗೆ ಕಲಸಿದ ಮೊಸರನ್ನವನ್ನು ನಿಧಾನಕ್ಕೆ ತಿಂದು ಏಳುತ್ತಿದ್ದರು.

ಮದುವೆ ಹತ್ತಿರ ಬರುತ್ತಿತ್ತು. ಕೊಯ್ಯಿಸಿಕೊಂಡರೆ ಬಾವು ಇಳಿಯುವುದು ಯಾವಾಗಲೋ. ದಾರದ ಮೇಲೆ ನಂಬಿಕೆಯಿಲ್ಲ. ಕೊನೆಗೆ ಅಕ್ಕ ಇಂಜೆಕ್ಷನ್ನೇ ಸರಿ ಎಂದು ತೀರ್ಮಾನಿಸಿದರು. ರಾಜಾಜಿನಗರಕ್ಕೆ ಫೋನ್ ಮಾಡಿ ಸೋಮವಾರ ಎಂದು ಗೊತ್ತುಮಾಡಿಯೂ ಆಯಿತು. ಅಂತೂ ಒಬ್ಬರನ್ನಾದರೂ ನಂಬಿದರಲ್ಲ ಎಂದು ನಾನು ಉಸ್ಸಪ್ಪಾ ಎಂದೆ. ಎಲ್ಲಿಯ ನಂಬಿಕೆ! ಅದಕ್ಕೆ ಮುಂಚಿನ ಶನಿವಾರ ಅತ್ತೆಯ ಕಣ್ಣಿನ ಪೊರೆ ತೋರಿಸಲು ಮಾಗಡಿ ರೋಡಿನ ಕಣ್ಣಾಸ್ಪತ್ರೆಗೆ ಹೊರಟಾಗ, ಅಕ್ಕನೂ ಅಂಗಡಿ ಮುಚ್ಚಿಕೊಂಡು ಬಂದರು.

"ನಾನೂ ಒಂದು ಚೀಟಿ ಮಾಡಿಸ್ತೀನಿ. ಒಬ್ರು ಹೇಳಿದ್ದನ್ನ ಇನ್ನೊಬ್ರ ಹತ್ರ ಹಿಡಿದು ನೋಡಬೇಕು. ಇವರು ಇಂಜೆಕ್ಷನ್ ಮಾರೋರಲ್ಲ, ನಿಜ ಹೇಳ್ತಾರೆ."

"ಬಿಸಿಲಿಗೆ ಹಿಡಿದು ನೋಡೋದು ಅನ್ನಿ" ಎಂದೆ ನಾನು.

ಅತ್ತೆಯ ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರಿಸಿದರು, ಕಾದೆವು. ಮತ್ತೆ ಹಾಕಿದರು, ಮತ್ತೆ ಕಾದೆವು. ನಮ್ಮ ಸರದಿ ಬರುವ ಹೊತ್ತಿಗೆ ಸಂಜೆ ಕಾಫಿಯ ಹೊತ್ತಾಗಿತ್ತು, ಅಕ್ಕನ ರೆಪ್ಪೆ ಅರ್ಧ ಇಳಿದಿತ್ತು. ಡಾಕ್ಟರ್ ಚೈತ್ರ ಎಂದು ಬೋರ್ಡಿತ್ತು. ಒಳಗೆ ನೋಡಿದರೆ ನಮ್ಮ ಅನುವಿನ ವಯಸ್ಸಿನ ಹುಡುಗಿ. "ಇವಳು ಡಾಕ್ಟ್ರಾ, ಡಾಕ್ಟ್ರ ಮಗಳಾ?" ಎಂದು ಅಕ್ಕ ಪಿಸುಗುಟ್ಟಿದ್ದು ಅವರಿಗೂ ಕೇಳಿಸಿರಬೇಕು, ನಕ್ಕರು.

ಅತ್ತೆಯದು ಮುಗಿದ ಮೇಲೆ ಅಕ್ಕ ಸೋಮವಾರದ ಇಂಜೆಕ್ಷನ್ ವಿಷಯ ತೆಗೆದರು. ಚೈತ್ರ ಅಕ್ಕನ ಮುಖ ನೋಡುತ್ತ ಏನೋ ಕೇಳಬೇಕು ಎನ್ನುವಷ್ಟರಲ್ಲಿ ಅತ್ತೆ ಮಧ್ಯೆ ಬಾಯಿ ಹಾಕಿದರು.

"ಅವಳಿಗೆ ಇಂಜೆಕ್ಸನ್ನೂ ಬ್ಯಾಡ, ಗಿಂಜೆಕ್ಸನ್ನೂ ಬ್ಯಾಡ ಕಣವ್ವ. ನಾನು ದೃಷ್ಟಿ ತೆಗದ್ರೆ ರೆಪ್ಪೆ ಎದ್ದು ಕೂತ್ಕತದೆ. ಮನೇಲಿ ಯಾರೂ ನನ್ನ ಮಾತು ಕೇಳಕಿಲ್ಲ."

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು. ಚೈತ್ರ ನಗಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಹೌದಾ ಅಜ್ಜಿ? ದೃಷ್ಟಿ ತೆಗೆಯುವಾಗ ಇವರು ಕಣ್ಣು ಮುಚ್ಕೊಂಡಿರ್ತಾರಾ, ಬಿಟ್ಟಿರ್ತಾರಾ?"

"ಮುಚ್ಚೇ ಇರಬೇಕು. ಬಿಟ್ರೆ ಫಲ ಇಲ್ಲ."

"ಎಷ್ಟು ಹೊತ್ತು?"

"ನಾನು ಹೇಳೋಗಂಟ."

"ಈಗ ಒಂದು ಸಲ ತೆಗೀರಿ ಅಜ್ಜಿ. ನಾನೂ ನೋಡ್ತೀನಿ."

ಅತ್ತೆಗೆ ಇಷ್ಟು ಮರ್ಯಾದೆ ಯಾವ ಆಸ್ಪತ್ರೆಯಲ್ಲೂ ಸಿಕ್ಕಿರಲಿಲ್ಲ. ಉಪ್ಪಿಲ್ಲ, ಮೆಣಸಿನಕಾಯಿಯಿಲ್ಲ ಎಂದು ಪೇಚಾಡಿ, ಕೊನೆಗೆ ಬರೀ ಮುಷ್ಟಿ ಬಿಗಿದು ಎದ್ದು ನಿಂತರು. ಅಕ್ಕ ಕಣ್ಣು ಮುಚ್ಚಿದರು. ಚೈತ್ರ ದೀಪ ಆರಿಸಿದರು. ಆ ಕತ್ತಲೆ ಕೋಣೆಯಲ್ಲಿ ನಾಯಿ ಕಣ್ಣು, ನರಿ ಕಣ್ಣು ಎಲ್ಲ ಸಾವಕಾಶವಾಗಿ ಸಾಗಿ, ಹೋದೋರ ಕಣ್ಣು, ಬಂದೋರ ಕಣ್ಣು ಮುಗಿದು, ಅತ್ತೆಯ ತವರಿನ ಕೇರಿಗೂ ಹೋಗಿ ಬಂತು. "ಬಿಡು ಈಗ" ಎಂದರು. ದೀಪ ಹತ್ತಿತು. ಅಕ್ಕನ ಕಣ್ಣು ಬೆಳಗಿನ ಹಾಗೆ ಅರಳಿತ್ತು.

"ಕಂಡ್ಯಾ?" ಎಂದರು ಅತ್ತೆ.

"ಕಂಡೆ ಅಜ್ಜಿ" ಎಂದರು ಚೈತ್ರ. ಅವರ ಮುಖದಲ್ಲಿ ನಗು ಇರಲಿಲ್ಲ. ಬೆರಳನ್ನು ಅಕ್ಕನ ತಲೆಯಿಂದ ಮೇಲಕ್ಕೆ ಹಿಡಿದು "ತಲೆ ಎತ್ತಬೇಡಿ, ಕಣ್ಣಷ್ಟೇ ಮೇಲಕ್ಕೆ ಮಾಡಿ ಇದನ್ನೇ ನೋಡ್ತಾ ಇರಿ" ಎಂದರು. ಅಕ್ಕ ನೋಡಿದರು. ನೋಡುತ್ತ ನೋಡುತ್ತಲೇ ರೆಪ್ಪೆಗಳು ನಡುಗಿ, ಇಳಿದು, ಮತ್ತೆ ಅರ್ಧಕ್ಕೆ ಬಂದು ನಿಂತವು.

"ಅಮ್ಮಾ, ಸಂಜೆ ಆದ್ರೆ ಮಾತು ಮೂಗಲ್ಲಿ ಬರುತ್ತಾ?"

ಅಕ್ಕ ಕುರ್ಚಿಯ ಅಂಚಿಗೆ ಸರಿದರು.

"ತಲೆ ಬಾಚುವಾಗ ಕೈ ಸೋಲುತ್ತಾ? ನುಂಗೋಕೆ ಕಷ್ಟ ಆಗುತ್ತಾ? ನೀರು ಕುಡಿದ್ರೆ ಮೂಗಿಗೆ ಬಂದಿದೆಯಾ?"

ಅಕ್ಕ ಸರಕ್ಕನೆ ನನ್ನ ಕಡೆ ತಿರುಗಿದರು. "ಜ್ಯೋತಿ, ಇವರಿಗೆ ನೀನು ಮೊದಲೇ ಫೋನ್ ಮಾಡಿದ್ಯಾ?"

"ನನಗೇ ಗೊತ್ತಿಲ್ವಲ್ಲ ಅಕ್ಕಾ! ನಾನೇನು ಅಂತ ಹೇಳ್ಲಿ?"

ನಿಜಕ್ಕೂ ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಕೈಯಲ್ಲಿದ್ದ ಕರ್ಚೀಫನ್ನು ಮಡಿಸಿದರು, ಬಿಚ್ಚಿದರು. "ಮುದ್ದೆ ಇಳಿಯಲ್ಲ" ಎಂದರು ಕೊನೆಗೆ, ತೀರಾ ಸಣ್ಣ ದನಿಯಲ್ಲಿ. "ಮಧ್ಯಾಹ್ನ ಇಳಿಯುತ್ತೆ. ಸಂಜೆ ಮೇಲೆ ಗಂಟಲಲ್ಲೇ ನಿಂತ್ಕೊಂಡುಬಿಡುತ್ತೆ. ಒಂದು ಸಲ ಉಸಿರೇ ಕಟ್ಟಿತ್ತು. ಯಾರಿಗೂ ಹೇಳಲಿಲ್ಲ. ಮೊದಲೇ ಏನೇನೋ ಅಂತಾರೆ, ಮದುವೆ ಮನೆ, ಇದೂ ಒಂದು ಸೇರ್ಕೊಂಡ್ರೆ ಸಂಬಂಧ ಮುರಿದುಹೋಗುತ್ತೆ ಅಂತ..."

ಅತ್ತೆ ಕುರ್ಚಿಯ ಮೇಲೆ ಕುಸಿದು ಕೂತರು. "ಅಯ್ಯೋ ನನ್ ತಾಯಿ, ನುಂಗಕಾಗ್ದೆ ಬಿಟ್ಟಿದ್ಯಾ? ನಾನು ಅಷ್ಟೊಂದು ಅಂದ್ನಲ್ಲವ್ವ ನಿನ್ನ!" ಎಂದು ಅಕ್ಕನ ಕೈ ಹಿಡಿದು ಅತ್ತುಬಿಟ್ಟರು.

ಚೈತ್ರ ನಮಗೆ ತಿಳಿಯುವಂತೆ ಹೇಳಿದರು. ಇದು ಚರ್ಮದ ಸಡಿಲವಲ್ಲ. ನರ ಹೇಳಿದ ಮಾತು ಸ್ನಾಯುವಿಗೆ ಸರಿಯಾಗಿ ಮುಟ್ಟದ ಕಾಯಿಲೆ ಇರಬಹುದು. ದುಡಿದಂತೆ ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಅದಕ್ಕೇ ಬೆಳಿಗ್ಗೆ ನೋಡಿದವರಿಗೆ ಕಡಿಮೆ ಕಂಡಿದೆ, ಸಂಜೆ ನೋಡಿದವರಿಗೆ ಹೆಚ್ಚು ಕಂಡಿದೆ. ಅತ್ತೆಯ ದೃಷ್ಟಿಯಲ್ಲಿ ಗುಣ ಕಂಡಿದ್ದು ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದರಿಂದ. "ಆ ಇಂಜೆಕ್ಷನ್ ಸ್ನಾಯುನ ಸುಮ್ಮನಾಗಿಸೋದು. ನಿಮ್ಮ ಸ್ನಾಯು ಆಗಲೇ ಸೋತಿದೆ. ತಗೊಂಡಿದ್ರೆ ಕಣ್ಣು ಮಾತ್ರ ಅಲ್ಲ ಅಮ್ಮ, ನುಂಗೋದು, ಉಸಿರಾಡೋದೂ ಕೈಕೊಡಬಹುದಿತ್ತು. ನಾನು ಚೀಟಿ ಬರೆದುಕೊಡ್ತೀನಿ, ಇವತ್ತೇ ನರದ ಡಾಕ್ಟ್ರನ್ನ ನೋಡಿ. ನಾಳೆ ಅನ್ನಬೇಡಿ."

ಅಕ್ಕ ಅದನ್ನೂ ನಂಬಿದರೇ? ಅವತ್ತೇ ದೊಡ್ಡಾಸ್ಪತ್ರೆಯ ನರದ ಡಾಕ್ಟರನ್ನು ಕಂಡು ರಕ್ತ ಕೊಟ್ಟು ಬಂದವರು ಮಾರನೆಯ ದಿನ ಇನ್ನೊಂದು ಲ್ಯಾಬಿಗೂ ಕೊಟ್ಟು ಬಂದರು. ಎರಡೂ ಕಡೆಯಿಂದ ಒಂದೇ ಉತ್ತರ ಬಂದ ದಿನ ಮಹಡಿ ಹತ್ತಿ ನನ್ನ ಅಡುಗೆಮನೆಗೆ ಬಂದು ನಿಂತರು. "ಎರಡೂ ಒಂದೇ ಬಂತು ಜ್ಯೋತಿ. ಇನ್ಯಾರನ್ನ ಅನುಮಾನ ಪಡ್ಲಿ?" ಎಂದವರು, "ಹೆದರಿಕೆ ಆಗುತ್ತೆ ಕಣೇ" ಎಂದರು. ಈ ಮನೆಗೆ ಬಂದಾಗಿನಿಂದ ಅವರ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಅಪ್ಪಿಕೊಂಡು ನಿಂತೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ಕಾಯಿಲೆಯ ಹೆಸರು ಮಯಸ್ತೇನಿಯಾ ಎಂದು ಏನೋ. ಅತ್ತೆ ಒಂದೇ ಸಲ ಕೇಳಿ "ಮೈಸುಸ್ತೇನಿಯಾ" ಎಂದರು. ಮೈ ಸುಸ್ತಾಗೋ ಕಾಯಿಲೆಗೆ ಮೈಸುಸ್ತೇನಿಯಾ ಅನ್ನದೆ ಇನ್ನೇನಂತಾರೆ ಎಂದು ನಮ್ಮನ್ನೇ ದಬಾಯಿಸಿದರು. ಮನೆಯಲ್ಲೆಲ್ಲ ಅದೇ ಹೆಸರು ನಿಂತಿತು. ಮಧ್ವೇಶ್ ಡಾಕ್ಟರಿಗೆ ಆ ಭಾನುವಾರವೇ ನಾನು ಫೋನ್ ಮಾಡಿ ಸೋಮವಾರ ಬರುವುದಿಲ್ಲ ಎಂದು ಕಾರಣ ಹೇಳಿದ್ದೆ. ಅವರು "ನಮ್ಮ ಸಿಸ್ಟರ್ ಕೇಳಿದ್ರಲ್ಲಮ್ಮ, ಇಲ್ಲ ಅಂದ್ರಂತೆ" ಎಂದರು. ಪಕ್ಕದಲ್ಲೇ ಕೂತಿದ್ದ ಅಕ್ಕ ಮತ್ತೆ ಕರ್ಚೀಫು ಮಡಿಸತೊಡಗಿದರು.

ಮಾತ್ರೆ ಶುರುವಾಯಿತು. ಊಟಕ್ಕೆ ಮುಂಚೆ ಹಾಕಿಕೊಂಡು ಸ್ವಲ್ಪ ತಡೆದರೆ ಗಂಟಲು ಮಾತು ಕೇಳುತ್ತಿತ್ತು. ಒಂದು ಸಂಜೆ ಅತ್ತೆ ಮುದ್ದೆಯನ್ನು ಗೋಲಿ ಗೋಲಿ ಮಾಡಿ, ಸೊಪ್ಪಿನ ಸಾರಿನಲ್ಲಿ ಅದ್ದಿ, ತಾವೇ ಅಕ್ಕನ ತಟ್ಟೆಗೆ ಇಟ್ಟರು. ಒಂದೊಂದೂ ಇಳಿಯುವವರೆಗೆ ಅಕ್ಕನ ಗಂಟಲನ್ನೇ ನೋಡುತ್ತಿದ್ದರು. "ಹಂಗೆ ನೋಡಬೇಡಿ ಅತ್ತೆ, ದೃಷ್ಟಿ ಆಗುತ್ತೆ" ಎಂದರು ಅಕ್ಕ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿತು.

ಆದರೆ ಮಾತ್ರೆಯಿಂದ ಎಲ್ಲ ಸರಿಹೋಗಲಿಲ್ಲ. ಮದುವೆಯ ಹೊತ್ತಿಗೆ ಕಣ್ಣು ಪೂರ್ತಿ ನಿಲ್ಲುತ್ತದೆ ಎಂಬ ಭರವಸೆ ನರದ ಡಾಕ್ಟರೂ ಕೊಡಲಿಲ್ಲ. ಸಂಜೆಯ ಆರತಕ್ಷತೆ, ಅದೇ ಬ್ಯಾಡರಹಳ್ಳಿ, ಅದೇ ಹೆಂಗಸರು. "ಕಪ್ಪು ಕನ್ನಡಕ ಹಾಕೊಳ್ಳಿ ಅಕ್ಕ" ಎಂದೆ. "ಹಾಕೊಂಡ್ರೆ ಕುಡಿದಿರೋದು ಗ್ಯಾರಂಟಿ ಅಂತಾರೆ" ಎಂದರು.

ಕಲ್ಯಾಣ ಮಂಟಪದ ವೇದಿಕೆಯ ಮೇಲೆ ಮೊದಮೊದಲು ಎಲ್ಲ ಚೆನ್ನಾಗಿತ್ತು. ಬಂದವರನ್ನು ನಗುನಗುತ್ತಲೇ ಮಾತಾಡಿಸಿದರು. ಸಾಲು ಕರಗಲೇ ಇಲ್ಲ, ದೀಪಗಳ ಝಳ ಬೇರೆ. ಮನೆಯವರದೆಲ್ಲ ಒಂದು ಫೋಟೋ ಎಂದು ನಮ್ಮನ್ನು ಮೇಲೆ ನಿಲ್ಲಿಸುವ ಹೊತ್ತಿಗೆ ರೆಪ್ಪೆಗಳು ಇಳಿದೇಬಿಟ್ಟವು. "ಆಂಟಿ, ಕಣ್ಣು ಬಿಡಿ" ಎಂದ ಫೋಟೋದವನು. "ಆಂಟಿ, ಇನ್ನೂ ಸ್ವಲ್ಪ." ಕೆಳಗೆ ಮುಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿ ಸೆರಗು ಮುಚ್ಚಿಕೊಂಡರು. ಅನು ನೋಡಿದಳು, ಅವಳ ಕಣ್ಣು ತುಂಬಿತು. ಬೀಗಿತ್ತಿ ರಾಮಮ್ಮ ಬೇರೆ ಕಡೆ ಮುಖ ತಿರುಗಿಸಿದರು.

ಅಕ್ಕ ರಾಮಮ್ಮನ ಕಡೆ ತಿರುಗಿದರು. ಮಾತು ಮೂಗಿನಲ್ಲೇ ಬಂತು, ಆದರೆ ಮುಂದಿನ ಸಾಲಿಗೂ ಕೇಳುವಷ್ಟು ಜೋರಾಗಿತ್ತು.

"ಬೀಗರೇ, ನಾನು ಕುಡಿದಿಲ್ಲ. ಯಾವತ್ತೂ ಕುಡಿದೋಳಲ್ಲ. ನನಗೊಂದು ಕಾಯಿಲೆ ಇದೆ, ಸಂಜೆ ಆದ್ರೆ ರೆಪ್ಪೆ ನಿಲ್ಲಲ್ಲ, ನಾಲಿಗೆ ನಿಲ್ಲಲ್ಲ. ಸ್ವಲ್ಪ ಹೊತ್ತು ಕಣ್ಣು ಮುಚ್ಕೊಂಡ್ರೆ ಸರಿಹೋಗುತ್ತೆ. ಕಾಯ್ತೀರಾ?"

ರಾಮಮ್ಮನ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರಂತೆ, ಕೆಳಗಿನ ಇಬ್ಬರು ಹೆಂಗಸರು ತಲೆ ತಗ್ಗಿಸಿದರು. ರಾಮಮ್ಮ ಹೋಗಿ ಒಂದು ಕುರ್ಚಿ ತಂದು ಅಕ್ಕನ ಹಿಂದೆ ಇಟ್ಟರು. ಭುಜ ಹಿಡಿದು ಕೂರಿಸಿದರು. "ಎಷ್ಟೊತ್ತಾದ್ರೂ ಕಾಯ್ತೀವಿ, ಮುಚ್ಕಳ್ಳಿ" ಎಂದರು. ಆಮೇಲೆ ಬಗ್ಗಿ ಇನ್ನೇನೋ ಹೇಳಿದರು, ಅದು ಅಕ್ಕನಿಗೆ ಮಾತ್ರ ಕೇಳಿಸಿತು.

ಅಕ್ಕ ಕಣ್ಣು ಮುಚ್ಚಿದರು. ಅತ್ತೆ ಸುಮ್ಮನಿರುತ್ತಾರೆಯೇ? ಬರೀ ಮುಷ್ಟಿ ಬಿಗಿದುಕೊಂಡು ಬಂದು ನಾಯಿ ಕಣ್ಣಿನಿಂದ ಶುರುಮಾಡಿದರು. ವಾದ್ಯದವರು ಏನಾಯಿತೋ ಎಂದು ನಿಲ್ಲಿಸಿಬಿಟ್ಟರು. ಇಡೀ ಮಂಟಪ ಎದ್ದು ನಿಂತು ನೋಡಿತು. ಅತ್ತೆ ಈ ಸಲ ಊರ ಕಣ್ಣು, ಕೇರಿ ಕಣ್ಣು ಆದ ಮೇಲೆ "ಬ್ಯಾಡರಹಳ್ಳಿ ಕಣ್ಣು" ಎಂದೂ ಸೇರಿಸಿದರು, ರಾಮಮ್ಮನೇ ನಕ್ಕರು. "ಬಿಡು ಈಗ."

ಅಕ್ಕ ಕಣ್ಣು ಬಿಟ್ಟು ಫೋಟೋದವನಿಗೆ "ಈಗ ತೆಗಿಯಪ್ಪ" ಎಂದರು. ಅವನು ತೆಗೆದ. "ತೋರ್ಸು ಇಲ್ಲಿ" ಎಂದು ಅಲ್ಲೇ ಕ್ಯಾಮೆರಾ ಇಸಿದುಕೊಂಡು ಪ್ರಮಾಣಿಸಿ ನೋಡಿದ ಮೇಲೆಯೇ ಅವನನ್ನು ಬಿಟ್ಟರು.

ಆ ಫೋಟೋ ಈಗ ಕೆಳಗಿನ ಮನೆಯ ಹಾಲಿನಲ್ಲಿ ತೂಗುಹಾಕಿದೆ. ಅದರಲ್ಲಿ ಕ್ಯಾಮೆರಾ ನೋಡುತ್ತಿರುವುದು ಅಕ್ಕ ಒಬ್ಬರೇ, ಕಣ್ಣು ಪೂರ್ತಿ ಅರಳಿಸಿಕೊಂಡು. ಅನು, ಗೌತಮ್, ಭಾವ, ರಾಮಮ್ಮ, ನಾನು, ನಮ್ಮ ಯಜಮಾನರು, ಎಲ್ಲರೂ ಅಕ್ಕನ ಮುಖವನ್ನೇ ನೋಡುತ್ತಿದ್ದೇವೆ. ಫ್ರೇಮು ಹಾಕಿಸಿ ತಂದ ದಿನ ಅತ್ತೆ ಅದನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು.

"ಇಷ್ಟು ಜನ ಒಟ್ಟಿಗೆ ಇವಳ ಕಣ್ಣೇ ನೋಡ್ತಾವ್ರಲ್ಲ" ಎಂದವರೇ ಉಪ್ಪು ತರಲು ಅಡುಗೆಮನೆಗೆ ಹೋದರು.